ಹದಿನೇಳು ಒಂದುಗಳು

ಫೆಬ್ರವರಿ ೩

ನನ್ನ ಹಳೇ ಅತ್ತೆಗೆ,

ಕೋಪ ಮಾಡಿಕೊಳ್ಳಬೇಡಿ, ಹಳೇ ಅಂದರೆ ವಯಸ್ಸಿನ ಮಾತಲ್ಲ! ಈಗ ನನಗೆ ಇಬ್ಬರು ಅತ್ತೆಯರು: ಅಪ್ಪನ ತಂಗಿ ನೀವು, ಇವರ ಅಮ್ಮ ಇನ್ನೊಬ್ಬರು. ಗೊಂದಲ ಆಗಬಾರದು ಅಂತ ನೀವು ಹಳೇ ಅತ್ತೆ, ಅವರು ಹೊಸ ಅತ್ತೆ.

ಮದುವೆಯಾಗಿ ಇಪ್ಪತ್ತಮೂರು ದಿನ. ನಾನು ಎಷ್ಟು ಸುಖವಾಗಿದ್ದೇನೆ ಅಂದರೆ ಬಟ್ಟೆ ಒಣಹಾಕುವಾಗಲೂ ನಗು ಬರುತ್ತದೆ, ಎದುರು ಮನೆಯವರು ಏನಂದುಕೊಳ್ಳುತ್ತಾರೋ. ಇವರು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು ಅಂತ ನಿಮಗೆ ಗೊತ್ತಲ್ಲ. ಮೊನ್ನೆ ನನ್ನ ಮುಖವನ್ನು ದೀಪದ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದರು. ನಾನು ಕಣ್ಣು ಮುಚ್ಚಿಕೊಂಡು ಕಾದೆ. "ನಿನ್ನ ಎಡಗಣ್ಣು ಬಲಗಣ್ಣಿಗಿಂತ ಒಂದು ಕೂದಲಷ್ಟು ಕೆಳಗಿದೆ" ಅಂದರು. ಅತ್ತೆ, ಇದಕ್ಕಿಂತ ರೊಮ್ಯಾಂಟಿಕ್ ಆದ ಮಾತು ಇಂಗ್ಲಿಷಿನಲ್ಲೂ ಇಲ್ಲ!

ಒಂದೇ ಚಿಂತೆ ಮಾವನದು. ಮೂವತ್ತೆಂಟು ವರ್ಷ ವರ್ಕ್‌ಶಾಪಿನಲ್ಲಿ ಗೇರುಗಳಿಗೆ ಹಲ್ಲು ಕಡಿದು ನಿವೃತ್ತರಾದವರು. ಮೆಷಿನ್ ಸದ್ದಿಗೆ ಕಿವಿ ಮಂದ. ಇಪ್ಪತ್ತಮೂರು ದಿನದಲ್ಲಿ ನನಗೆ ಹೇಳಿದ್ದು ಮೂರು ಮಾತು: ಬಾ, ಕೂತ್ಕೋ, ಬಾಗಿಲು ಹಾಕು. ನಾನೋ ವಟವಟ ಅನ್ನುವವಳು. ನನ್ನನ್ನು ಕಂಡರೆ ಆಗುವುದಿಲ್ಲವೇನೋ ಅಂತ ಬಾತ್‌ರೂಮಿನಲ್ಲಿ ಒಂದು ಸಲ ಅತ್ತೂ ಆಯಿತು.

ನಿನ್ನೆ ಅವರ ಮೇಜು ಒರೆಸುವಾಗ ದಪ್ಪ ನೋಟ್‌ಬುಕ್ ಕಂಡಿತು. ತೆರೆದರೆ ಮೇಲುಗಡೆ ಹೀಗಿತ್ತು:

೧೧೧೧೧೧೧೧೧೧೧೧೧೧೧೧೧

"ಇಷ್ಟೊಂದು ಸೊನ್ನೆ ಯಾಕೆ ಮಾವ?" ಅಂತ ಕೂಗಿ ಕೇಳಿದೆ. ಅವರು ಎದ್ದು ಬಂದರು. ಬೈತಾರೆ ಅಂದುಕೊಂಡೆ.

"ಸೊನ್ನೆ ಅಲ್ಲಮ್ಮ. ಬಾಯಿ ತೆರೆದಿದೆ ನೋಡು. ಒಂದು. ಹದಿನೇಳು ಒಂದು."

ನೀವು ನಗುತ್ತಿದ್ದೀರಿ, ನನಗೆ ಗೊತ್ತು. ನಮ್ಮ ಸ್ಕೂಲಿನಲ್ಲಿ ಕನ್ನಡದ ಅಂಕಿಗಳನ್ನು ಯಾರು ಕಲಿಸಿದರು! ನಿನ್ನೆ ರಾತ್ರಿಯೇ ಕಲಿತೆ, ಮೇಲೆ ತಾರೀಖು ನೋಡಿ.

ಆಮೇಲೆ ಮಾವ ಅರ್ಧ ಗಂಟೆ ಮಾತಾಡಿದರು. ಒಂದು ಕಾಲದಲ್ಲಿ ನೂರಿಪ್ಪತ್ತೇಳು ಹಲ್ಲಿನ ಗೇರು ಬೇಕು ಅಂತ ಯಾರೋ ಬಂದಿದ್ದರಂತೆ. ವರ್ಕ್‌ಶಾಪಿನ ಹಲ್ಲುಗಳನ್ನು ಸಮದೂರಕ್ಕೆ ಎಣಿಸಿಕೊಡುವ ಯಾವ ತೂತಿನ ಬಿಲ್ಲೆಗೂ ಆ ಸಂಖ್ಯೆ ಹೊಂದಲಿಲ್ಲ, ಯಾಕೆಂದರೆ ಅದು ಪ್ರೈಮ್. ಅಂದಿನಿಂದ ಹಿಡಿದ ಹುಚ್ಚು. ಬರೀ ಒಂದುಗಳಿಂದಾದ ಸಂಖ್ಯೆಗಳಲ್ಲಿ ಹನ್ನೊಂದು ಪ್ರೈಮ್. ಮೂರು ಒಂದುಗಳಿಂದ ಹದಿನಾರು ಒಂದುಗಳವರೆಗೆ ಎಲ್ಲವೂ ಒಡೆದುಹೋದವು. ಹದಿನೇಳು ಮಾತ್ರ ಒಡೆಯುತ್ತಿಲ್ಲ. ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ, ಒಂದು ಕೋಟಿಯವರೆಗಿನ ಪ್ರೈಮ್‌ಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದರಿಂದಲೂ ಕೈಯಲ್ಲೇ ಭಾಗಿಸುತ್ತಾ, ಒಂಬತ್ತು ವರ್ಷದಲ್ಲಿ ಆರೂವರೆ ಲಕ್ಷದವರೆಗೆ ಬಂದಿದ್ದಾರೆ. ಏನೋ ಒಂದು ಶೇಷ ಉಳಿದೇ ಉಳಿಯುತ್ತದೆ.

"ಒಂಬತ್ತು ವರ್ಷ ಸೌದೆ ಒಡೆದಿದ್ರೆ ಇಡೀ ಬೀದಿಗೆ ಒಲೆ ಹಚ್ಚಬಹುದಿತ್ತು" ಅಂತ ಹೊಸ ಅತ್ತೆ ಅಡುಗೆಮನೆಯಿಂದಲೇ ಅಂದರು.

"ಹಾಗಾದ್ರೆ ಇದು ಅವಿಭಕ್ತ ಸಂಖ್ಯೆನಾ ಮಾವ?" ಅಂದೆ. ಮಾವ ನಕ್ಕರು ಅತ್ತೆ! ಹಲ್ಲು ಕಾಣುವ ಹಾಗೆ! "ಹೌದಮ್ಮ, ಸದ್ಯಕ್ಕೆ ಅದೇ ಸರಿಯಾದ ಮಾತು" ಅಂದರು. ಯಾಕೆ ನಕ್ಕರು? ನೀವು ಗಣಿತದ ಲೆಕ್ಚರರ್, ನಿಮಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು. ಅವರಿಗೆ ಏನಾದರೂ ಸಹಾಯ ಮಾಡಿ. ನನಗೆ ಆ ಮೇಜಿನ ಹತ್ತಿರ ಒಂದು ಕುರ್ಚಿ ಬೇಕು.

ನಿಮ್ಮ ಚಿನಕುರುಳಿ


ಫೆಬ್ರವರಿ ೧೨

ಚಿನಕುರುಳಿ,

ಹಳೇ ಅತ್ತೆಗೆ ಮಂಡಿನೋವು ಬಿಟ್ಟರೆ ಬೇರೇನೂ ಹಳೆಯದಾಗಿಲ್ಲ.

ಅವಿಭಕ್ತ ಎಂದರೆ ಇನ್ನೂ ಪಾಲಾಗದೆ ಇರುವುದು. ಅವಿಭಾಜ್ಯ ಎಂದರೆ ಪಾಲು ಮಾಡಲು ಬಾರದೆ ಇರುವುದು. ಪ್ರೈಮ್ ಸಂಖ್ಯೆ ಅವಿಭಾಜ್ಯ. ಅವಿಭಕ್ತ ಕುಟುಂಬ ನಾಳೆ ಬೆಳಿಗ್ಗೆ ಪಾಲಾಗಬಹುದು. ಅವಿಭಾಜ್ಯ ಕುಟುಂಬವನ್ನು ನಾನಂತೂ ಕಂಡಿಲ್ಲ. ಆರೂವರೆ ಲಕ್ಷದವರೆಗೆ ಒಡೆಯದ ಸಂಖ್ಯೆ ಮುಂದೆ ಒಡೆಯುವುದೇ ಇಲ್ಲ ಎಂದು ಹೇಳಲಾಗುವುದಿಲ್ಲ. ಗೊತ್ತಿಲ್ಲದೆ ನೀನು ಸರಿಯಾದ ಪದ ಬಳಸಿದೆ, ನಿನ್ನ ಮಾವ ಅದಕ್ಕೇ ನಕ್ಕರು. ಬುದ್ಧಿವಂತರು.

ಅವರಿಗೆ ಇದನ್ನು ಓದಿ ಹೇಳು, ನಿಧಾನವಾಗಿ. ಒಂದನ್ನು ಹತ್ತರಿಂದ ಗುಣಿಸುತ್ತಾ ಹೋಗಿ, ಪ್ರತಿ ಸಲವೂ ಒಂದು ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ಶೇಷಗಳು ಒಂದಷ್ಟು ಹೆಜ್ಜೆ ನಡೆದು ಮತ್ತೆ ಒಂದಕ್ಕೇ ಬರುತ್ತವೆ. ಆ ಸಂಖ್ಯೆ ಹದಿನೇಳು ಒಂದುಗಳನ್ನು ಒಡೆಯುವಂಥದ್ದಾದರೆ, ಆ ಸುತ್ತು ಸರಿಯಾಗಿ ಹದಿನೇಳು ಹೆಜ್ಜೆಯದು. ಬೇರೆ ಬೇರೆ ಶೇಷಗಳಿಂದ ಹೊರಟ ಅಂಥ ಸುತ್ತುಗಳು, ಸೊನ್ನೆ ಬಿಟ್ಟು, ಎಲ್ಲಾ ಶೇಷಗಳನ್ನೂ ಒಂದೂ ಮಿಗದಂತೆ ಹಂಚಿಕೊಳ್ಳುತ್ತವೆ. ಆ ಶೇಷಗಳಾದರೋ ಸಂಖ್ಯೆಗಿಂತ ಒಂದು ಕಡಿಮೆ. ಆದ್ದರಿಂದ ಒಂದು ಕಳೆದು ಉಳಿಯುವುದು ಹದಿನೇಳರಿಂದ ಭಾಗವಾಗಲೇಬೇಕು. ಅದು ಸಮಸಂಖ್ಯೆಯೂ ಹೌದು, ಹಾಗಾಗಿ ಮೂವತ್ತನಾಲ್ಕರಿಂದಲೇ ಭಾಗವಾಗಬೇಕು.

ಅಂದರೆ ಪಟ್ಟಿಯ ಹದಿನಾರು ಸಂಖ್ಯೆಗಳಲ್ಲಿ ಸುಮಾರು ಒಂದನ್ನು ನೋಡಿದರೆ ಸಾಕು. ಮಿಕ್ಕ ಹದಿನೈದರಿಂದ ಭಾಗಿಸುವ ಅಗತ್ಯವೇ ಇಲ್ಲ. ಎಂದೂ ಇರಲಿಲ್ಲ.

ಕೊನೆಯ ವಾಕ್ಯವನ್ನು ಹೇಗೆ ಹೇಳುತ್ತೀಯೋ ನಿನಗೆ ಬಿಟ್ಟಿದ್ದು.

ಪ್ರೀತಿಯಿಂದ,
ಹಳೇ ಅತ್ತೆ


ಫೆಬ್ರವರಿ ೨೬

ಅತ್ತೇ,

ನಾನು ಎಲ್ಲಿ ಹೇಳಲಿ, ಧೈರ್ಯವಾಗದೆ ಪತ್ರವನ್ನೇ ಕೈಗೆ ಕೊಟ್ಟೆ. ಮಾವ ಓದಿದರು, ಮಡಿಸಿದರು, ನೋಟ್‌ಬುಕ್ಕಿನಲ್ಲಿಟ್ಟು ಎದ್ದು ಹೋದರು. ಎರಡು ದಿನ ಮೇಜಿನ ಹತ್ತಿರ ಸುಳಿಯಲಿಲ್ಲ. ಒಂಬತ್ತು ವರ್ಷದಲ್ಲಿ ಬೇಕಾಗಿದ್ದದ್ದು ಏಳು ತಿಂಗಳ ಕೆಲಸ ಅಷ್ಟೇ! ನಾನು ಮೂರೂ ಹೊತ್ತು ನಿಮ್ಮನ್ನು ಬೈದುಕೊಂಡೆ, ಕ್ಷಮಿಸಿ.

ಮೂರನೇ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬಾಯಲ್ಲಿ ನೊರೆ ಇಟ್ಟುಕೊಂಡೇ ಕೂಗಿದರು: "ಹದಿಮೂರು ಒಂದನ್ನ ಒಡೆದದ್ದು ಐವತ್ಮೂರು! ಒಂದು ತೆಗೆದ್ರೆ ಐವತ್ತೆರಡು! ಹದಿಮೂರು ನಾಲ್ಕಲೆ ಐವತ್ತೆರಡು!" ಹತ್ತು ವರ್ಷದ ಹಿಂದೆ ತಾವೇ ಒಡೆದ ಹನ್ನೊಂದು ಒಂದುಗಳನ್ನೂ ತೆಗೆದು ನೋಡಿದರು. ೨೧೬೪೯ ಮತ್ತು ೫೧೩೨೩೯. ಎರಡರಲ್ಲೂ ಒಂದು ಕಳೆದರೆ ಇಪ್ಪತ್ತೆರಡರಿಂದ ಭಾಗವಾಗುತ್ತದೆ! "ನನ್ನ ಕಣ್ಣೆದುರೇ ಇತ್ತಲ್ಲ" ಅಂತ ಹಣೆ ಚಚ್ಚಿಕೊಂಡರು. ಆದರೆ ಮುಖ ಮಾತ್ರ ಅರಳಿತ್ತು. ನನ್ನನ್ನು ಕೂರಿಸಿ ಅವರೇ ವಿವರಿಸಿದರು: "ಹದಿನೇಳು ಹಲ್ಲಿನ ಚಿಕ್ಕ ಗೇರು ಸುತ್ತಿ ಸುತ್ತಿ ದೊಡ್ಡ ಗೇರನ್ನ ಒಂದು ಸುತ್ತು ಹಾಕಿಸ್ಬೇಕು. ಅರ್ಧ ಸುತ್ತಲ್ಲಿ ನಿಲ್ಲೋ ಹಾಗಿಲ್ಲ. ಅಷ್ಟೇ ವಿಷಯ. ನಿಮ್ಮ ಸೋದರತ್ತೆ ವರ್ಕ್‌ಶಾಪಲ್ಲಿ ಇರಬೇಕಾದವರು."

"ಹದಿನಾರರಲ್ಲಿ ಹದಿನೈದು ದಂಡ ಆಯ್ತಲ್ಲ ಮಾವ" ಅಂತ ನಾನೇ ಬಾಯಿಬಿಟ್ಟು ಅಂದೆ. ಹೊಸ ಅತ್ತೆ ತಕ್ಷಣ, "ನಾನು ಮೂವತ್ತೈದು ವರ್ಷ ಒರೆಸಿದ ನೆಲ ಎಲ್ಲಿ ಉಳಿದಿದೆ ತೋರ್ಸು ನೋಡೋಣ. ಹದಿನಾರಕ್ಕೆ ಒಂದು ಉಳೀತಲ್ಲ, ಪುಣ್ಯವಂತರು" ಅಂದರು.

ಈಗ ದಿನಾ ಐದು ಗಂಟೆಗೆ ನಾಲ್ಕು ಕುರ್ಚಿ! ಹೊಸ ಅತ್ತೆ ಪಟ್ಟಿಯಲ್ಲಿ ಒಂದು ಕಳೆದು ಮೂವತ್ತನಾಲ್ಕರಿಂದ ಭಾಗವಾಗುವ ಸಂಖ್ಯೆಗಳಿಗೆ ಪೆನ್ಸಿಲಿನಲ್ಲಿ ಟಿಕ್ ಹಾಕುತ್ತಾರೆ. ಮಾವ, ಇವರು, ನಾನು ತಲಾ ಇಪ್ಪತ್ತು ಭಾಗಿಸುತ್ತೇವೆ. ಕೊನೆಗೆ ಒಬ್ಬೊಬ್ಬರೂ ನಮ್ಮ ಸಾಲುಗಳನ್ನು ಮಾವನ ಬಲಗಿವಿಗೆ ಕೂಗಿ ಓದಬೇಕು. ನಾನು ಎಪ್ಪತ್ತೊಂಬತ್ತಕ್ಕೆ ಎಂಬತ್ತೊಂಬತ್ತು ಅಂತೇನೆ, ಮಾವ "ಯಾವ ಊರಿನ ಲೆಕ್ಕಮ್ಮ ಇದು" ಅಂತಾರೆ. ಮಾತು ಅಂದರೆ ಮಾತು! ಗೇರಿನ ಕತೆ, ಇವರು ಚಿಕ್ಕವರಿದ್ದಾಗ ಮೊಳೆ ನುಂಗಿದ ಕತೆ. ಬೆಳಿಗ್ಗೆ ಎದ್ದು ನೋಡಿದರೆ ಪ್ರತಿ ಸಾಲಿನ ಪಕ್ಕದಲ್ಲೂ ಮಾವ ಕೆಂಪು ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟಿರುತ್ತಾರೆ, ಅಂದಕ್ಕೆ ಇರಬೇಕು.

ಅತ್ತೆ, ಹೇಳಿಬಿಡಿ. ಹದಿನೇಳು ಒಂದುಗಳು ಒಡೆಯುತ್ತವಾ, ಇಲ್ಲವಾ? ನನಗೆ ಮಾತ್ರ! ಕುತೂಹಲದಿಂದ ಹೊಟ್ಟೆ ಒಡೆಯುತ್ತಿದೆ.

ನಿಮ್ಮ ಚಿನಕುರುಳಿ


ಮಾರ್ಚ್ ೮

ಚಿನಕುರುಳಿ,

ಕಾಲೇಜಿನ ಲೈಬ್ರರಿಯಲ್ಲಿ ನೋಡಿದೆ. ಎಂದೋ ಬಿಡಿಸಿಟ್ಟ ಲೆಕ್ಕ. ಉತ್ತರವನ್ನು ಈ ಜೊತೆಯ ಚೀಟಿಯಲ್ಲಿ ಮಡಿಸಿ ಅಂಟಿಸಿದ್ದೇನೆ. ಬಿಚ್ಚುವ ಮೊದಲು ಯೋಚಿಸು. ಗೊತ್ತಿಲ್ಲದವಳಾಗಿ ಆ ಮೇಜಿಗೆ ಕೂರುವುದು ಒಂದು, ಗೊತ್ತಿದ್ದು ಕೂರುವುದು ಇನ್ನೊಂದು. ಚೀಟಿಯನ್ನು ಮತ್ತೆ ಅಂಟಿಸಬಹುದು, ಓದಿದ್ದನ್ನು ಅಲ್ಲ.

ಹಳೇ ಅತ್ತೆ


ಮಾರ್ಚ್ ೧೫

ಅತ್ತೆ,

ಬಿಚ್ಚಿದೆ. ಟೀಗೆ ಇಟ್ಟ ನೀರು ಕುದಿಯುವಷ್ಟರಲ್ಲಿ ಬಿಚ್ಚಿದೆ. ನೀವು ಬೇಡ ಅಂದಿದ್ದರೆ ಇನ್ನೂ ಬೇಗ ಬಿಚ್ಚುತ್ತಿದ್ದೆ.

"೨೦೭೧೭೨೩ರಿಂದ ಒಡೆಯುತ್ತದೆ."

ಅಂದರೆ ಮಾವನ ಹದಿನೇಳು ಒಂದುಗಳು ಅವಿಭಾಜ್ಯ ಅಲ್ಲ. ನಾವು ಈಗ ಒಂಬತ್ತು ಲಕ್ಷದ ಹತ್ತಿರ ಇದ್ದೇವೆ. ಲೆಕ್ಕ ಹಾಕಿದೆ, ಜೂನ್ ಎರಡನೇ ವಾರಕ್ಕೆ ಅಲ್ಲಿಗೆ ಮುಟ್ಟುತ್ತೇವೆ. ಹೇಳಿಬಿಡೋಣ ಅಂತ ಮೆಲ್ಲಗೆ ಕೇಳಿ ನೋಡಿದೆ: "ಯಾರಿಗಾದ್ರೂ ಉತ್ತರ ಗೊತ್ತಿದ್ರೆ ಕೇಳಿಬಿಡ್ಬಹುದಲ್ವಾ ಮಾವ?" ಅವರು ತಲೆ ಎತ್ತದೆ, "ಒಡೆದ್ರೂ ಸರಿ, ಒಡೀದಿದ್ರೂ ಸರಿ, ನನಗೆ ಗೊತ್ತಾಗ್ಬೇಕು. ಯಾರೋ ಹೇಳಿದ್ರೆ ಅದು ಗೊತ್ತಾದ ಹಾಗಲ್ಲ" ಅಂದರು. ಸರಿ, ನನ್ನ ಬಾಯಿಗೆ ಬೀಗ. ನನ್ನ ಬಾಯಿಗೆ, ಅತ್ತೆ! ಇವರಿಗೂ ಹೇಳಿಲ್ಲ. "ಏನೋ ಒಂಥರಾ ಇದೀಯ, ಪವರ್ ಚೆಕ್ ಮಾಡ್ಲಾ?" ಅಂತ ಕಣ್ಣೊಳಗೆ ಟಾರ್ಚ್ ಬಿಡುತ್ತಾರೆ.

ಚಿನಕುರುಳಿ


ಜೂನ್ ೧೦

ಅತ್ತೆ,

ಇವತ್ತು ಬಂತು. ಪುಟ ಹಂಚುವಾಗಲೇ ಕಂಡೆ, ನನ್ನ ಪಾಲಿನ ಇಪ್ಪತ್ತರಲ್ಲಿ ಹನ್ನೊಂದನೆಯದು. ಪುಟ ಬದಲಾಯಿಸಿಕೊಳ್ಳಿ ಅಂತ ಇವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ನಾನೇ ನೋಡಬೇಕು ಅನ್ನಿಸಿತು, ನಿಜವಾಗಿ ಸೊನ್ನೆ ಬರುತ್ತದಾ ಅಂತ.

ಭಾಗಿಸಿದೆ. ಐದು, ಮೂರು, ಆರು, ಮೂರು... ಒಂದೊಂದು ಅಂಕಿ ಇಳಿಸಿದಾಗಲೂ ಎರಡೆರಡು ಸಲ ಸರಿನೋಡಿಕೊಂಡೆ. ಕೊನೆಯ ಏಳು ಹಾಕಿ ಕಳೆದಾಗ ಕೆಳಗೆ ಏನೂ ಉಳಿಯಲಿಲ್ಲ. ಅತ್ತೆ, ನಾಲ್ಕು ತಿಂಗಳಲ್ಲಿ ಏನೂ ಉಳಿಯದ ಭಾಗಾಕಾರವನ್ನು ನಾನು ಮೊದಲ ಸಲ ನೋಡಿದ್ದು. ಎಷ್ಟು ಚೆಂದ ಇತ್ತು ಅಂತ ಹೇಳಲಾರೆ.

ತಲೆ ಎತ್ತಿದೆ. ಮಾವ ನಾಲಿಗೆ ಕಚ್ಚಿಕೊಂಡು ಭಾಗಿಸುತ್ತಿದ್ದರು. ಹೊಸ ಅತ್ತೆ ಟಿಕ್ ಹಾಕುತ್ತಾ ಅವರ ಲೋಟವನ್ನು ಮೊಣಕೈಯಿಂದ ದೂರ ಸರಿಸಿದರು. ಇವರು ನನ್ನ ಕಾಲನ್ನು ಮೇಜಿನ ಕೆಳಗೆ ತುಳಿದರು. ನಾನು "ಸೊನ್ನೆ" ಅಂದರೆ ಇದೆಲ್ಲ ಮುಗಿಯುತ್ತದೆ. ನಾಳೆ ಐದು ಗಂಟೆಗೆ ಯಾರೂ ಬರುವುದಿಲ್ಲ. ಮಾವ ಮತ್ತೆ ಬಾ, ಕೂತ್ಕೋ, ಬಾಗಿಲು ಹಾಕು.

ಸೊನ್ನೆ ಅಳಿಸಿ ನಲವತ್ತು ಅಂತ ಬರೆದೆ. ನನ್ನ ಸರದಿ ಬಂದಾಗ "ಶೇಷ ನಲವತ್ತು" ಅಂತ ಅವರ ಕಿವಿಗೆ ಕೂಗಿದೆ. ಮಾವ "ಸರಿ, ಮುಂದೆ" ಅಂದರು. ಗೊತ್ತಾಗಲಿಲ್ಲ.

ಅವರಿಗಾಗಿ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅಲ್ಲ, ನನಗಾಗಿ. ಬೈಯಿರಿ.

ನಿಮ್ಮವಳು


ಜೂನ್ ೧೭

ಮಗೂ,

ಬೈಯುವುದಿಲ್ಲ. ಆದರೆ ಒಂದು ವಿಷಯ ನಿನಗೆ ಯಾರೂ ಕಲಿಸಿಲ್ಲವೆಂದು ಈಗ ತಿಳಿಯಿತು. ಕೆಂಪು ಚುಕ್ಕೆ ಅಂದಕ್ಕಲ್ಲ. ಹಳೆಯ ಕಾಲದ ತಾಳೆ ಅದು. ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿ, ಒಂಬತ್ತುಗಳನ್ನು ಬಿಟ್ಟು ಉಳಿದದ್ದನ್ನು ನೋಡುವುದು. ಹದಿನೇಳು ಒಂದುಗಳಿಗೆ ಎಂಟು ಬರುತ್ತದೆ. ನಿನ್ನ ಭಾಜಕಕ್ಕೆ ನಾಲ್ಕು, ಭಾಗಲಬ್ಧಕ್ಕೆ ಎರಡು, ಗುಣಿಸಿದರೆ ಎಂಟು. ಅದಕ್ಕೆ ನಿನ್ನ ನಲವತ್ತರ ನಾಲ್ಕು ಕೂಡಿದರೆ ಹನ್ನೆರಡು, ಅಂದರೆ ಮೂರು. ಎಂಟು ಬರಬೇಕಾದ ಕಡೆ ಮೂರು. ತಾಳೆ ಬಿದ್ದ ಸಾಲಿಗೆ ಮಾತ್ರ ಚುಕ್ಕೆ ಇಡುತ್ತಾರೆ.

ಆ ಸಾಲಿನ ಪಕ್ಕ ಚುಕ್ಕೆ ಇದೆಯೇ, ಹೋಗಿ ನೋಡು.

ಹಳೇ ಅತ್ತೆ


ಜೂನ್ ೨೧

ಮಾವನವರಿಗೆ,

ಒಂದೇ ಸೂರಿನ ಕೆಳಗಿದ್ದು ಪತ್ರ ಬರೆಯುತ್ತಿದ್ದೇನೆ, ನಗಬೇಡಿ. ಇದನ್ನು ನಿಮ್ಮ ಕಿವಿಗೆ ಕೂಗಿ ಹೇಳಲು ನನ್ನಿಂದ ಆಗುವುದಿಲ್ಲ.

ಇವತ್ತು ಸೋದರತ್ತೆಯ ಪತ್ರ ಬಂತು. ನೋಟ್‌ಬುಕ್ ತೆಗೆದು ನೋಡಿದೆ. ಹತ್ತನೇ ತಾರೀಖಿನ ನನ್ನ ಹನ್ನೊಂದನೇ ಸಾಲಿಗೆ ಚುಕ್ಕೆ ಇಲ್ಲ.

ಆ ನಲವತ್ತು ಸುಳ್ಳು. ಸೊನ್ನೆ ಬಂದಿತ್ತು. ಉತ್ತರ ಮಾರ್ಚಿನಿಂದಲೇ ನನಗೆ ಗೊತ್ತಿತ್ತು, ಸೋದರತ್ತೆಯನ್ನು ಪೀಡಿಸಿ ಚೀಟಿ ತರಿಸಿಕೊಂಡಿದ್ದೆ. ಅದನ್ನು ಬಚ್ಚಿಟ್ಟದ್ದು ನಿಮ್ಮ ಮಾತಿಗಾಗಿ. ಆದರೆ ಸೊನ್ನೆಯನ್ನು ಬಚ್ಚಿಟ್ಟದ್ದು ನನ್ನ ಆಸೆಗಾಗಿ. ಲೆಕ್ಕ ಮುಗಿದರೆ ನೀವು ನನ್ನ ಜೊತೆ ಮಾತಾಡುವುದನ್ನು ನಿಲ್ಲಿಸುತ್ತೀರಿ ಅಂತ ಹೆದರಿದೆ. ಒಂಬತ್ತು ವರ್ಷ ನೀವು ಕಾದ ಸೊನ್ನೆ ಅದು, ನಾನು ರಬ್ಬರಿನಿಂದ ಅಳಿಸಿದೆ. ಇನ್ನು ಮೇಲೆ ನನಗೆ ಪುಟ ಕೊಡದಿದ್ದರೂ ಅದು ನ್ಯಾಯವೇ.

ನಿಮ್ಮ ಸೊಸೆ


ಜೂನ್ ೨೨, ಬೆಳಿಗ್ಗೆ

ಅಮ್ಮಾ,

ಬರೆದು ಒಳ್ಳೆಯದು ಮಾಡಿದೆ. ಕೂಗಿದ್ದರೆ ನಿನ್ನ ಅತ್ತೆಗೆ ಕೇಳಿಸುತ್ತಿತ್ತು.

ಹನ್ನೊಂದನೇ ತಾರೀಖು ಬೆಳಿಗ್ಗೆಯೇ ತಾಳೆ ಬೀಳಲಿಲ್ಲ. ಕೈತಪ್ಪು ಅಂದುಕೊಂಡು ನಾನೇ ಭಾಗಿಸಿದೆ. ಸೊನ್ನೆ ಬಂತು. ಮತ್ತೆ ಭಾಗಿಸಿದೆ. ಮತ್ತೆ ಸೊನ್ನೆ. ಆಮೇಲೆ ನಿನ್ನ ಸಾಲಿನಲ್ಲಿ ರಬ್ಬರಿನ ಗುರುತು ಕಂಡಿತು. ಸುಳ್ಳು ಹೇಳುವುದಿದ್ದರೆ ಒಂಬತ್ತರ ಲೆಕ್ಕದಲ್ಲಿ ಹೇಳಬೇಕು ಕಣಮ್ಮ. ಮೂವತ್ತಾರು ಅಂದಿದ್ದರೆ ನಾನು ಚುಕ್ಕೆ ಇಟ್ಟು ಮುಂದೆ ಹೋಗುತ್ತಿದ್ದೆ, ಸಾಯುವ ತನಕ ಭಾಗಿಸುತ್ತಿದ್ದೆ.

ಮೊದಲ ದಿನ ಸಿಟ್ಟಿನಿಂದ ಸುಮ್ಮನಿದ್ದೆ. ಎರಡನೇ ದಿನ, ನೀನಾಗಿಯೇ ಹೇಳಲಿ ಎಂದು. ಮೂರನೇ ದಿನದಿಂದ ಏಕೆ ಸುಮ್ಮನಿದ್ದೆ ಎಂದು ಬರೆಯುವುದು ಕಷ್ಟ. ಐದು ಗಂಟೆಗೆ ಕುರ್ಚಿ ಎಳೆಯುವ ಸದ್ದು ನನಗೆ ಕೇಳಿಸುವುದಿಲ್ಲ. ನೆಲ ಅದುರುವುದು ಕಾಲಿಗೆ ತಿಳಿಯುತ್ತದೆ. ಅದು ನಿಲ್ಲುವುದು ನನಗೂ ಬೇಕಿರಲಿಲ್ಲ.

ಇನ್ನೊಂದು ವಿಷಯ. ನಿನ್ನ ಭಾಗಲಬ್ಧವನ್ನು ನೋಡಿದೆಯಾ? ೫೩೬೩೨೨೨೩೫೭. ಹತ್ತು ಅಂಕಿ. ನಮ್ಮ ಪುಸ್ತಕ ಒಂದು ಕೋಟಿಗೇ ಮುಗಿಯುತ್ತದೆ, ಅದರಲ್ಲಿ ಇದು ಇಲ್ಲ. ಇದು ಒಡೆಯುವುದಿದ್ದರೆ ತನ್ನ ವರ್ಗಮೂಲದೊಳಗೆ, ಅಂದರೆ ಎಪ್ಪತ್ತಮೂರು ಸಾವಿರದ ಚಿಲ್ಲರೆಯೊಳಗಿನ ಯಾವುದಾದರೂ ಸಂಖ್ಯೆಯಿಂದ ಒಡೆಯಬೇಕು. ಇದನ್ನು ಒಡೆಯುವುದು ಹದಿನೇಳು ಒಂದುಗಳನ್ನೂ ಒಡೆಯಬೇಕಿತ್ತು. ಆರೂವರೆ ಲಕ್ಷದವರೆಗೆ ನಾನು ಒಬ್ಬನೇ ಕೂತು ನೋಡಿದ್ದೇನೆ, ಒಂದೂ ಒಡೆಯಲಿಲ್ಲ. ಆದ್ದರಿಂದ ಇದು ಅವಿಭಾಜ್ಯ. ಯಾವ ಚೀಟಿಯೂ ಇಲ್ಲದೆ, ಯಾರೂ ಹೇಳದೆ, ನನಗೆ ಗೊತ್ತಾಯಿತು. ಒಂದನ್ನು ಹುಡುಕುತ್ತಿದ್ದೆ, ಎರಡು ಸಿಕ್ಕವು.

ಇವತ್ತು ಐದಕ್ಕೆ ಆ ಸಾಲನ್ನು ನೀನೇ ತಿದ್ದು, ನೀನೇ ಎದ್ದು ನಿಂತು ಓದು. ನಿನ್ನ ಕೈಯಲ್ಲಿ ಬಂದದ್ದು, ನಿನ್ನ ಬಾಯಲ್ಲೇ ಕೇಳಬೇಕು. ಆಮೇಲೆ ಕುರ್ಚಿ ಎತ್ತಿಡಬೇಡ. ಹತ್ತೊಂಬತ್ತು ಒಂದುಗಳು ಇವೆ. ಅದನ್ನು ಭಾಗಿಸುತ್ತಾ ಹೋದರೆ ನಿನ್ನ ಮೊಮ್ಮಕ್ಕಳಿಗೂ ಮುಗಿಯುವುದಿಲ್ಲ. ಭಾಗಿಸದೆ ತಿಳಿಯುವ ದಾರಿ ಇದೆಯೇ ಎಂದು ನಿನ್ನ ಸೋದರತ್ತೆಗೆ ಬರೆದು ಕೇಳು. ದಾರಿ ಮಾತ್ರ ಹೇಳಲಿ, ಉತ್ತರ ಬೇಡ.

ಈ ಹನ್ನೊಂದು ದಿನದ ಸಂಗತಿ ನಿನ್ನ ಅತ್ತೆಗೆ ತಿಳಿಯಬಾರದು. ಮುಗಿದುಹೋದ ಲೆಕ್ಕಕ್ಕೆ ಆಕೆಯ ಕೈಯಲ್ಲಿ ಆರುನೂರಕ್ಕೂ ಹೆಚ್ಚು ಟಿಕ್ ಹಾಕಿಸಿದ್ದೇನೆ. ಗೊತ್ತಾದರೆ ಆಕೆ ಒಡೆಯುವುದು ಸಂಖ್ಯೆಯನ್ನಲ್ಲ.

ನಿನ್ನ ಮಾವ